ಅರ್ಧ ಪುಟದ ಪತ್ರ, ಹನ್ನೆರಡು ಪುಟದ ಭಾಷಣ: ರಾಮನ್ ಬರವಣಿಗೆಯ ಒಂದು ಪ್ರಕರಣ ಅಧ್ಯಯನ

ಮೂರು ಪ್ಯಾರಾ. ಒಂದು ಸಮೀಕರಣವಿಲ್ಲ, ಚಿತ್ರವಿಲ್ಲ, ಕೋಷ್ಟಕವಿಲ್ಲ. ಕೊನೆಯಲ್ಲಿ ಎರಡು ಹೆಸರು, ಒಂದು ವಿಳಾಸ: 210, ಬೌಬಜಾರ್ ಸ್ಟ್ರೀಟ್, ಕಲ್ಕತ್ತ. ತಾರೀಖು ಫೆಬ್ರವರಿ 16. ಸಿ.ವಿ. ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಬರೆದ ಈ ಪತ್ರ 1928ರ ಮಾರ್ಚ್ 31ರ 'ನೇಚರ್' ಸಂಚಿಕೆಯಲ್ಲಿ ಅಚ್ಚಾಯಿತು. ತಲೆಬರಹವನ್ನು ಕನ್ನಡಕ್ಕೆ ತಂದರೆ 'ಹೊಸ ಬಗೆಯ ಒಂದು ದ್ವಿತೀಯಕ ವಿಕಿರಣ' ಎಂದಾಗುತ್ತದೆ. 1930ರಲ್ಲಿ ರಾಮನ್‌ಗೆ ನೊಬೆಲ್ ಬಂದದ್ದು ಈ ಪತ್ರ ಸಾರಿದ ಶೋಧಕ್ಕೇ. ದ್ರವದೊಳಗೆ ಚದುರಿದ ಬೆಳಕಿನಲ್ಲಿ ಸ್ವಲ್ಪದರ ಬಣ್ಣ ಬದಲಾಗುತ್ತದೆ ಅನ್ನುವುದು ಆ ಶೋಧ. ಅದನ್ನೇ ಈಗ ರಾಮನ್ ಪರಿಣಾಮ ಅನ್ನುತ್ತೇವೆ.

ನಾನು ಎಂ.ಎಸ್ಸಿ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ವಿಜ್ಞಾನ ಬರವಣಿಗೆ ಹೇಳಿಕೊಡುತ್ತೇನೆ. ಒಂದು ಜರ್ನಲ್ ಲೇಖನವನ್ನು ಬರವಣಿಗೆಯಾಗಿ ಹೇಗೆ ನೋಡಬೇಕು ಅಂತ ತೋರಿಸಲು ಪ್ರತಿ ವರ್ಷ ಈ ಪತ್ರವನ್ನೇ ತೆಗೆದುಕೊಳ್ಳುತ್ತೇನೆ. ಲೇಖನದಲ್ಲಿ ಏನು ಕಂಡುಹಿಡಿದರು ಅಂತ ಕೇಳಿದರೆ ಮಕ್ಕಳು ಥಟ್ಟನೆ ಹೇಳುತ್ತಾರೆ. ಯಾರು ಓದಲಿ ಅಂತ ಬರೆದರು, ಓದಿದವರು ಏನು ಮಾಡಲಿ ಅಂತ ಬಯಸಿದರು, ಅವರು ಹಾಗೆ ಮಾಡಿದರಾ ಅಂತ ಕೇಳಿದರೆ ಕ್ಲಾಸು ಸುಮ್ಮನಾಗುತ್ತದೆ. ರಾಮನ್ ಪತ್ರ ಇದಕ್ಕೆ ಹೇಳಿ ಮಾಡಿಸಿದ್ದು. ಚಿಕ್ಕದು, ಒಂದೇ ಕೂತಲ್ಲಿ ಮೂರು ಸಲ ಓದಬಹುದು. ಜೊತೆಗೆ, ಅದೇ ಶೋಧವನ್ನು ಅವರು ಅದೇ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನಲ್ಲಿ ಬೇರೆ ಕೇಳುಗರ ಮುಂದೆ, ಬೇರೆ ರೀತಿಯಲ್ಲಿ ಹೇಳಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಓದುಗ ಯಾರು?

'ನೇಚರ್' ಲಂಡನ್ನಿನ ವಾರಪತ್ರಿಕೆ. ಗಿಡ, ಕಲ್ಲು, ನಕ್ಷತ್ರ, ಹುಳು, ಎಕ್ಸ್-ರೇ, ಎಲ್ಲವನ್ನೂ ಓದುವವರು ಅದನ್ನು ತರಿಸುತ್ತಿದ್ದರು. ಅದರಲ್ಲಿ ಸಂಪಾದಕರಿಗೆ ಪತ್ರ ಅನ್ನುವ ಭಾಗಕ್ಕೆ ಒಂದು ವಿಶೇಷ ಕೆಲಸ ಇತ್ತು. ದೊಡ್ಡ ಪ್ರಬಂಧ ಬರೆಯಲು ತಿಂಗಳುಗಳು ಬೇಕು. ಅಷ್ಟರಲ್ಲಿ ಬೇರೆ ಯಾರಾದರೂ ಅದನ್ನೇ ಕಂಡುಬಿಟ್ಟರೆ? ಹಾಗಾಗಿ ಹೊಸದೇನಾದರೂ ಕಂಡರೆ ಮೊದಲು ಇಲ್ಲಿಗೆ ಒಂದು ಪತ್ರ ಬರೆಯುವುದು. ಕಲ್ಕತ್ತದಿಂದ ಲಂಡನ್ನಿಗೆ ಹಡಗಿನ ಅಂಚೆ ವಾರಗಟ್ಟಲೆ ಹಿಡಿಯುತ್ತಿತ್ತು ಅನ್ನುವುದನ್ನೂ ನೆನಪಿಡಬೇಕು. ಯುರೋಪಿನ ವಿಜ್ಞಾನಿಗೆ ಇರದ ಅವಸರ ಇವರಿಗಿತ್ತು.

ಆದ್ದರಿಂದ ಈ ಪತ್ರಕ್ಕೆ ಓದುಗರು ಮೂರು ಬಗೆ ಅಂತ ನಾನು ಲೆಕ್ಕ ಹಾಕುತ್ತೇನೆ. ಮೊದಲನೆಯವರು ಸಂಪಾದಕರು. ಇದು ಅಚ್ಚು ಹಾಕುವಂಥದ್ದೇ ಅಂತ ಅವರಿಗೆ ಅನ್ನಿಸಬೇಕು. ಎರಡನೆಯವರು ಬೆಳಕು, ಅಣು, ಕ್ವಾಂಟಮ್ ಅಂತ ಕೆಲಸ ಮಾಡುತ್ತಿದ್ದ ಬರ್ಲಿನ್, ಮಾಸ್ಕೋ, ಬಾಲ್ಟಿಮೋರ್‌ನಂಥ ಊರುಗಳ ಜನ. ಅವರು ನಂಬಬೇಕು, ಸಾಧ್ಯವಾದರೆ ತಾವೇ ಮಾಡಿ ನೋಡಬೇಕು. ಮೂರನೆಯವರು ಉಳಿದೆಲ್ಲರೂ. ಅವರಿಗಾಗಿ ಪತ್ರದಲ್ಲಿ ಒಂದು ಸಾಲೂ ಇಲ್ಲ. ಇದು ತಪ್ಪಲ್ಲ. ಅರ್ಧ ಪುಟದಲ್ಲಿ ಯಾರನ್ನು ಬಿಡಬೇಕು ಅಂತ ಅವರು ತೀರ್ಮಾನ ಮಾಡಿದ್ದರು.

ಮೊದಲ ವಾಕ್ಯ

ಪತ್ರ ಶುರುವಾಗುವುದೇ 'ಹೀಗೆಂದು ಭಾವಿಸಿದರೆ' ಅಂತ. ಸುಮಾರು 80 ಪದಗಳ ಒಂದೇ ವಾಕ್ಯ. ಅದರ ತಿರುಳನ್ನು ಬಿಡಿಸಿ ಹೇಳುತ್ತೇನೆ. ಅಮೆರಿಕದ ಭೌತವಿಜ್ಞಾನಿ ಕಾಂಪ್ಟನ್ ಅವರು ಎಕ್ಸ್-ರೇಗಳನ್ನು ಚದುರಿಸಿದಾಗ ಎರಡು ಬಗೆ ಕಂಡರು. ಒಂದು ಬಗೆಯಲ್ಲಿ ತರಂಗದೂರ (ಬೆಳಕಿನಲ್ಲಾದರೆ ಬಣ್ಣವನ್ನು ತೀರ್ಮಾನಿಸುವ ಅಳತೆ) ಬದಲಾಗುವುದಿಲ್ಲ, ಇನ್ನೊಂದರಲ್ಲಿ ಬದಲಾಗುತ್ತದೆ. ಮೊದಲನೆಯದು ಅಣುಗಳ ಸಾಮಾನ್ಯ ಸ್ಥಿತಿಗೆ, ಎರಡನೆಯದು ಆ ಸ್ಥಿತಿಯಿಂದ ಆಗುವ ಏರಿಳಿತಕ್ಕೆ ಸೇರಿದ್ದು ಅಂತ ಇಟ್ಟುಕೊಂಡರೆ, ಸಾಮಾನ್ಯ ಬೆಳಕಿನಲ್ಲೂ ಹೀಗೆ ಎರಡು ಬಗೆ ಇರಬೇಕು ಅಲ್ವಾ? ಇಷ್ಟು ಹೇಳಿ, ಇದನ್ನು ಪರೀಕ್ಷಿಸಬೇಕಾಯಿತು, ಪರೀಕ್ಷಿಸಿದೆವು, ಇದೆ ಅನ್ನುತ್ತಾರೆ.

ವಾಕ್ಯವಾಗಿ ನೋಡಿದರೆ ಇದು ಕಷ್ಟದ್ದು. ಓದುಗ ಐದಾರು ವಿಷಯಗಳನ್ನು ಕೈಯಲ್ಲಿ ಹಿಡಿದುಕೊಂಡೇ ಪೂರ್ಣವಿರಾಮದ ತನಕ ನಡೆಯಬೇಕು. ನನ್ನ ವಿದ್ಯಾರ್ಥಿಗಳು ಇಂಥ ವಾಕ್ಯ ಬರೆದರೆ ಕೆಂಪು ಗೆರೆ ಎಳೆಯುತ್ತೇನೆ. ಇನ್ನೂ ಒಂದು ವಿಷಯ ಇದೆ. ಈ ಏರಿಳಿತದ ವಿವರಣೆ ಈಗ ನಾವು ಪಾಠ ಮಾಡುವ ವಿವರಣೆಯಲ್ಲ. ಬೆಳಕಿನ ಕಣ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಅಣುವಿನ ಕಂಪನಕ್ಕೆ ಕೊಟ್ಟು, ಉಳಿದದ್ದರೊಂದಿಗೆ ಹೊರಬರುತ್ತದೆ ಅಂತ ಇವತ್ತು ಹೇಳುತ್ತೇವೆ. 1923ರಲ್ಲಿ ಆಡಾಲ್ಫ್ ಸ್ಮೆಕಲ್ ಲೆಕ್ಕದಲ್ಲಿ ಇಂಥದ್ದನ್ನು ಮುಂಚೆಯೇ ಸೂಚಿಸಿದ್ದರು. ಪತ್ರದಲ್ಲಿ ಅವರ ಹೆಸರಿಲ್ಲ. ಇರುವುದು ಕಾಂಪ್ಟನ್ ಹೆಸರೊಂದೇ.

ಹಾಗಿದ್ದರೂ ಆ ವಾಕ್ಯ ತನ್ನ ಕೆಲಸ ಮಾಡಿತು ಅಂತಲೇ ನನ್ನ ಅಭಿಪ್ರಾಯ. ಹಿಂದಿನ ವರ್ಷ, 1927ರಲ್ಲಿ, ಕಾಂಪ್ಟನ್‌ಗೆ ನೊಬೆಲ್ ಬಂದಿತ್ತು. ಭೌತಶಾಸ್ತ್ರ ಓದುವವರ ಬಾಯಲ್ಲೆಲ್ಲ ಆ ಹೆಸರು. ಕಲ್ಕತ್ತದ ಒಂದು ವಿಳಾಸದಿಂದ ಬಂದ ಪತ್ರ ಕಾಂಪ್ಟನ್‌ನಿಂದ ಶುರುವಾದರೆ, ಇದು ಯಾವ ಮಟ್ಟದ ವಿಷಯ ಅಂತ ಲಂಡನ್ನಿನ ಸಂಪಾದಕರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಎಕ್ಸ್-ರೇಗೆ ಸಿಕ್ಕ ದೊಡ್ಡ ಫಲಿತಾಂಶ ಕಣ್ಣಿಗೆ ಕಾಣುವ ಬೆಳಕಿಗೂ ಇದೆ ಅನ್ನುವುದು ಎಷ್ಟು ದೊಡ್ಡ ಮಾತು! ಅದನ್ನು ಜಂಬವಿಲ್ಲದೆ, ಒಂದು 'ಆದರೆ-ಹೋದರೆ' ವಾಕ್ಯದೊಳಗೆ ಇಟ್ಟುಬಿಟ್ಟಿದ್ದಾರೆ.

ಎರಡನೇ ಪ್ಯಾರಾ, ಎರಡು ಬಣ್ಣದ ಗಾಜು

ಈ ಪತ್ರದ ಜೀವ ಎರಡನೇ ಪ್ಯಾರಾದಲ್ಲಿದೆ. ಬೆಳಕು ತುಂಬ ಪ್ರಖರವಾಗಿರಬೇಕು ಅನ್ನುತ್ತಾರೆ. ಆಮೇಲೆ ಅಳತೆಗಳು ಬರುತ್ತವೆ. 18 ಸೆಂ.ಮೀ. ವ್ಯಾಸ, 230 ಸೆಂ.ಮೀ. ಸಂಗಮದೂರದ ದೂರದರ್ಶಕದ ಮಸೂರ. ಅದರ ಹಿಂದೆ 5 ಸೆಂ.ಮೀ. ಸಂಗಮದೂರದ ಇನ್ನೊಂದು ಮಸೂರ. ಬೆಳಕಿನ ಮೂಲ ಸೂರ್ಯ. ಎರಡನೇ ಮಸೂರದ ಬೆಳಕು ಕೂಡುವ ಜಾಗದಲ್ಲಿ ದ್ರವ. ನಿರ್ವಾತದಲ್ಲಿ ಮತ್ತೆ ಮತ್ತೆ ಬಟ್ಟಿ ಇಳಿಸಿ ಶುದ್ಧ ಮಾಡಿದ ದ್ರವ, ಇಲ್ಲವೇ ಧೂಳಿಲ್ಲದ ಆವಿ.

ಈಗ ಪರೀಕ್ಷೆ. ನೀಲಿ-ನೇರಳೆ ಫಿಲ್ಟರ್ ಒಂದು, ಹಳದಿ-ಹಸಿರು ಫಿಲ್ಟರ್ ಒಂದು. ಎರಡನ್ನೂ ಸೂರ್ಯನ ಬೆಳಕಿಗೆ ಅಡ್ಡ ಹಿಡಿದರೆ ದ್ರವದೊಳಗಿನ ಬೆಳಕಿನ ಜಾಡು ಪೂರ್ತಿಯಾಗಿ ಮಾಯವಾಗುತ್ತದೆ. ನೀಲಿಯನ್ನು ಅಲ್ಲೇ ಬಿಟ್ಟು, ಹಳದಿಯನ್ನು ತೆಗೆದು ದ್ರವಕ್ಕೂ ನೋಡುವವರ ಕಣ್ಣಿಗೂ ನಡುವೆ ಇಡಿ. ಜಾಡು ಮತ್ತೆ ಕಾಣುತ್ತದೆ. ದ್ರವದೊಳಕ್ಕೆ ಹೋದದ್ದು ನೀಲಿ ಮಾತ್ರ. ಕಣ್ಣಿಗೆ ಬಂದದ್ದು ಹಳದಿ-ಹಸಿರು. ಅಂದರೆ ದ್ರವದೊಳಗೆ ಬಣ್ಣ ಬದಲಾಯಿತು.

ಕ್ಲಾಸಿನಲ್ಲಿ ಇದನ್ನು ಓದುವ ದಿನ ನಾನು ಸ್ಟೇಷನರಿ ಅಂಗಡಿಯಿಂದ ನೀಲಿ ಮತ್ತು ಹಳದಿ ಜಿಲೇಟಿನ್ ಪೇಪರ್ ತಂದಿರುತ್ತೇನೆ. ರಾಮನ್ ಪರಿಣಾಮ ಅದರಲ್ಲಿ ಕಾಣುವುದಿಲ್ಲ, ಅದು ಗೊತ್ತು. ಪ್ಯಾರಾದ ಒಂದು ಪದ ಕಾಣಲಿ ಅಂತ ತರುತ್ತೇನೆ. ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದರೆ ಕತ್ತಲೆಯಾಗುವುದಿಲ್ಲ. ಮಂಕಾದ ಹಸಿರು ಬೆಳಕು ದಾಟಿ ಬರುತ್ತಲೇ ಇರುತ್ತದೆ. ಹೋದ ವರ್ಷ ಒಬ್ಬ ಹುಡುಗಿ ಅದನ್ನು ಕಿಟಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಮೇಡಂ, ಇಷ್ಟು ಸೋರಿದರೆ ಹಳದಿ ಪೇಪರನ್ನು ಆಚೆ ಇಟ್ಟಾಗ ಕಂಡದ್ದು ಹೊಸದೋ ಸೋರಿದ್ದೋ ಹೇಗೆ ಗೊತ್ತಾಗುತ್ತೆ?" ಅಂದಳು.

ಅದೇ. ಪತ್ರದಲ್ಲಿ 'ಪೂರ್ತಿಯಾಗಿ' ಅಂತ ಒಂದು ಪದ ಇದೆ. ಸುಮ್ನೆ ಓದಿದರೆ ಒತ್ತು ಕೊಡಲು ಹಾಕಿದ ಪದದಂತೆ ಕಾಣುತ್ತದೆ. ಅದನ್ನು ತೆಗೆದುಬಿಟ್ಟರೆ ಇಡೀ ಪ್ರಯೋಗ ಬಿದ್ದುಹೋಗುತ್ತದೆ. ಮೊದಲು ಪೂರ್ತಿ ಕತ್ತಲೆ ಆಗಿದ್ದರೆ ಮಾತ್ರ ಆಮೇಲೆ ಬಂದ ಬೆಳಕು ಸಾಕ್ಷಿ.

ಈ ಪ್ಯಾರಾ ಓದಿದ ಎರಡನೇ ಬಗೆಯ ಓದುಗ, ಅಂದರೆ ಪ್ರಯೋಗಾಲಯದವನು, ಮರುದಿನವೇ ಕೆಲಸ ಶುರು ಮಾಡಬಹುದು. ಬಿಸಿಲು, ಮಸೂರ, ಬಣ್ಣದ ಗಾಜು, ಶುದ್ಧ ದ್ರವ. ಇವೆಲ್ಲ ಯಾವ ಊರಿನ ಪ್ರಯೋಗಾಲಯದಲ್ಲಾದರೂ ಇದ್ದವು. ಬರೆದವರು ತೋರಿಸಿದಂತೆ ಮಾಡಿದರೆ ಓದುಗ ತನ್ನ ಕಣ್ಣಿನಿಂದಲೇ ನೋಡಬಹುದು. ಸೂಚನೆ ಬರೆಯುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಈ ಆರೇಳು ವಾಕ್ಯಗಳನ್ನು ತೋರಿಸುತ್ತೇನೆ.

ಆದರೆ ಪ್ಯಾರಾದ ಕೊನೆಯಲ್ಲಿ ಒಂದು ಪುಟ್ಟ ವಾಕ್ಯವಿದೆ. ಸ್ಪೆಕ್ಟ್ರೋಸ್ಕೋಪಿನ, ಅಂದರೆ ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣದ, ದೃಢೀಕರಣವೂ ಇದೆ ಅಂತ. ಅಷ್ಟೇ. ಏನು ಕಂಡಿತು? ಎಷ್ಟು ಬದಲಾಯಿತು? ಯಾವ ದ್ರವದಲ್ಲಿ? ಒಂದೂ ಇಲ್ಲ. ನುರಿತ ಓದುಗನಿಗೆ ಬೇಕಿದ್ದದ್ದು ಇದೇ. ಬರವಣಿಗೆಯಾಗಿ ಪತ್ರದ ಅತಿ ದುರ್ಬಲ ಜಾಗ ಇದು.

ಯಾರ ಅನುಮಾನಕ್ಕೆ ಉತ್ತರ?

ಮೂರನೇ ಪ್ಯಾರಾದಲ್ಲಿ, ಸುಮಾರು 60 ಸಾಮಾನ್ಯ ದ್ರವಗಳನ್ನು ನೋಡಿದೆವು, ಹೆಚ್ಚೋ ಕಡಿಮೆಯೋ, ಪ್ರತಿಯೊಂದರಲ್ಲೂ ಇದು ಕಂಡಿತು ಅನ್ನುತ್ತಾರೆ. ದ್ರವಗಳ ಪಟ್ಟಿ ಇಲ್ಲ. ಕೊನೆಯಲ್ಲಿ ಈಥರ್ ಮತ್ತು ಅಮಿಲೀನ್ ಆವಿಯ ಹೆಸರು ಬರುತ್ತದೆ, ಅಷ್ಟೇ. ನಡುವೆ ಒಂದು ಅನುಮಾನವನ್ನು ತಾವೇ ಎತ್ತಿ ಉತ್ತರ ಕೊಡುತ್ತಾರೆ. ಇದು ಪ್ರತಿದೀಪ್ತಿ ಯಾಕಾಗಬಾರದು?

ಪ್ರತಿದೀಪ್ತಿ ಅಂದರೆ ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿಕೊಂಡು ಬೇರೆ ಬಣ್ಣದಲ್ಲಿ ಹೊಳೆಯುವುದು. ನೀಲ ದೀಪದ ಕೆಳಗೆ ಬಿಳಿ ಅಂಗಿ ಹೊಳೆಯುತ್ತದಲ್ಲ, ಅದು. ದ್ರವದಲ್ಲಿ ಒಂಚೂರು ಕಲ್ಮಶ ಇದ್ದರೂ ಹೀಗಾಗಬಹುದು. ಹಾಗಾದರೆ ಶೋಧವೇ ಇಲ್ಲ. ಪತ್ರ ಎರಡು ಉತ್ತರ ಕೊಡುತ್ತದೆ. ಒಂದು, ಈ ಬೆಳಕು ಸಾಮಾನ್ಯ ಚದುರಿದ ಬೆಳಕಿಗಿಂತ ತೀರ ಕ್ಷೀಣ. ಎರಡು, ಇದು ಧ್ರುವೀಕರಣಗೊಂಡಿದೆ, ಹಲವು ದ್ರವಗಳಲ್ಲಿ ಚೆನ್ನಾಗಿಯೇ. ಅಂದರೆ ಇದರ ತರಂಗಗಳು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತವೆ, ಇಂಥ ದ್ರವದ ಪ್ರತಿದೀಪ್ತಿಯಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಎರಡನೆಯದು ಗಟ್ಟಿ ಉತ್ತರ. ಮೊದಲನೆಯದು ನನಗೆ ಅಷ್ಟು ಗಟ್ಟಿ ಅನ್ನಿಸುವುದಿಲ್ಲ. ಕ್ಷೀಣವಾದ ಪ್ರತಿದೀಪ್ತಿಯೂ ಇರಬಹುದಲ್ಲ? ಗಟ್ಟಿ ಉತ್ತರವನ್ನು ಮೊದಲು ಇಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ಈ ಅನುಮಾನ ಎಲ್ಲಿಂದ ಬಂತು ಅಂತ ಪತ್ರ ಓದಿದವರಿಗೆ ಗೊತ್ತಾಗುವುದಿಲ್ಲ. ಬೆಂಗಳೂರಿನ ಭಾಷಣ ಓದಿದರೆ ಗೊತ್ತಾಗುತ್ತದೆ.

ಬೆಂಗಳೂರು, ಮಾರ್ಚ್ 16

ಪತ್ರ ಹಡಗು ಹತ್ತಿದ ಮೇಲೆ ಕಲ್ಕತ್ತದಲ್ಲಿ ಕೆಲಸ ಓಡಿತು. ಫೆಬ್ರವರಿ 28ರಂದು ಹೊಸ ಬೆಳಕಿನ ರೋಹಿತದ (ಸ್ಪೆಕ್ಟ್ರೋಸ್ಕೋಪ್ ಬಿಡಿಸಿ ತೋರಿಸುವ ಬಣ್ಣಗಳ ಪಟ್ಟಿಯ) ಗೆರೆಗಳು ಮೊದಲ ಸಲ ಕಂಡವು. ಮರುದಿನ ಪತ್ರಿಕೆಗಳಿಗೆ ಸುದ್ದಿ ಕೊಟ್ಟರು. ನಾವು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುವುದು ಆ 28ರ ನೆನಪಿಗೇ. ಮಾರ್ಚ್ 8ರಂದು 'ನೇಚರ್'ಗೆ ಇನ್ನೊಂದು ಪತ್ರ ಬರೆದರು. ಮಾರ್ಚ್ 16ರ ಶುಕ್ರವಾರ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಸಭೆ. ಅಲ್ಲಿ ರಾಮನ್ 'ಒಂದು ಹೊಸ ವಿಕಿರಣ' ಅಂತ ಮಾತನಾಡಿದರು. ಅದು 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಹನ್ನೆರಡು ಪುಟಗಳಲ್ಲಿ ಅಚ್ಚಾಯಿತು. ಲಂಡನ್ನಿನಲ್ಲಿ ಪತ್ರ ಹೊರಬಂದ ಮಾರ್ಚ್ 31ನೇ ತಾರೀಖೇ ಇದಕ್ಕೂ.

ಭಾಷಣದ ಶುರುವೇ ಬೇರೆ. ಈ ಸಂಜೆ ನಿಮ್ಮೊಂದಿಗೆ ಹೊಸ ಬಗೆಯ ಒಂದು ಬೆಳಕಿನ ಬಗ್ಗೆ ಮಾತನಾಡುತ್ತೇನೆ ಅನ್ನುತ್ತಾರೆ. ಅದರ ಮಹತ್ವ ತಿಳಿಯಬೇಕಾದರೆ ಕಲ್ಕತ್ತದಲ್ಲಿ ನಡೆದ ಕೆಲಸದ ಇತಿಹಾಸ ತಿಳಿಯಬೇಕು, ಅದಕ್ಕೂ ಮುಂಚೆ ಪರಮಾಣುಗಳು ಬೆಳಕು ಸೂಸುವುದು ಹೇಗೆ ಅಂತ ಎರಡು ಮಾತು ಅನ್ನುತ್ತಾರೆ. ಮುಂದೆ ಕೂತವರು ಎಲ್ಲರೂ ಭೌತವಿಜ್ಞಾನಿಗಳಲ್ಲ, ಹಲವು ವಿಜ್ಞಾನಗಳ ಜನ ಸೇರಿದ ಸಂಘ. ಕೈ ಹಿಡಿದು ನಡೆಸುತ್ತಾರೆ. ವಾಕ್ಯಗಳು ಚಿಕ್ಕವಾಗುತ್ತವೆ.

ಇತಿಹಾಸದಲ್ಲಿ ಆ ಅನುಮಾನದ ಬೇರು ಸಿಗುತ್ತದೆ. 1923ರಲ್ಲೇ ಕೆ.ಆರ್. ರಾಮನಾಥನ್ ಕಲ್ಕತ್ತದಲ್ಲಿ ಈ ಬೆಳಕನ್ನು ಕಂಡಿದ್ದರು. ಆಗ ಅದಕ್ಕೆ ಅವರೆಲ್ಲ ಕೊಟ್ಟ ಹೆಸರು ಕ್ಷೀಣ ಪ್ರತಿದೀಪ್ತಿ ಅಂತ! ದ್ರವವನ್ನು ಎಷ್ಟು ಶುದ್ಧ ಮಾಡಿದರೂ ಅದು ಹೋಗಲಿಲ್ಲ. ಐದು ವರ್ಷ ಅದು ಆ ಹೆಸರಿನ ಕೆಳಗೇ ಇತ್ತು. ಅಂದರೆ 'ನೇಚರ್' ಪತ್ರದ ಮೂರನೇ ಪ್ಯಾರಾ ಉತ್ತರ ಕೊಡುತ್ತಿರುವುದು ಐದು ವರ್ಷ ಹಿಂದಿನ ತಮ್ಮದೇ ಪ್ರಯೋಗಾಲಯಕ್ಕೆ. ನಿರ್ವಾತದಲ್ಲಿ ಮತ್ತೆ ಮತ್ತೆ ಬಟ್ಟಿ ಇಳಿಸಿದ್ದು ಅಂತ ಎರಡನೇ ಪ್ಯಾರಾದಲ್ಲಿ ಆವರಣದೊಳಗೆ ಹೇಳಿದ್ದಾರಲ್ಲ, ಆ ಐದು ವರ್ಷದ ಬೆವರು ಆ ಆವರಣದೊಳಗಿದೆ. ಇದು ಗೊತ್ತಾದ ದಿನ ನನಗೆ ಪತ್ರವನ್ನು ಹೊಸದಾಗಿ ಓದಿದಂತೆ ಆಯಿತು.

ಪತ್ರದಲ್ಲಿ ಇಲ್ಲದ ಇನ್ನೊಂದು ವಿಷಯ ಭಾಷಣದಲ್ಲಿದೆ. ರೋಹಿತದ ಫೋಟೋಗಳು. ಸ್ಪೆಕ್ಟ್ರೋಸ್ಕೋಪ್ ಬಗ್ಗೆ ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿದ್ದನ್ನು ಇಲ್ಲಿ ಬಿಚ್ಚಿ ತೋರಿಸಿದ್ದಾರೆ. ಕೊನೆಗೆ, ನಾವು ಒಂದು ಹೊಸ ಪ್ರದೇಶದ ಅಂಚಿನಲ್ಲಿ ಮಾತ್ರ ಇದ್ದೇವೆ, ಕೆಲಸವೆಲ್ಲ ಇನ್ನೂ ಆಗಬೇಕಿದೆ ಅನ್ನುತ್ತಾರೆ. ಇಂಥ ಮಾತಿಗೆ ಪತ್ರದಲ್ಲಿ ಜಾಗವಿಲ್ಲ. ಸಭೆಯಲ್ಲಿ ಕೂತ ಹುಡುಗರಿಗೆ ಅದು ಬೇಕಿತ್ತು.

ಭಾಷಣದ ಬಗ್ಗೆ ನನಗೊಂದು ತಕರಾರಿದೆ. ಪತ್ರ ಪೂರ್ತಿ 'ನಾವು' ಅಂತ ಮಾತನಾಡುತ್ತದೆ, ಕೆಳಗೆ ಎರಡು ಹೆಸರು. ಅಚ್ಚಾದ ಭಾಷಣಕ್ಕೆ ಒಂದೇ ಹೆಸರು. ಕೃಷ್ಣನ್ ಅವರ ಸಹಕಾರಕ್ಕೆ, ವೆಂಕಟೇಶ್ವರನ್ ಮತ್ತು ಉಳಿದವರ ನೆರವಿಗೆ ಋಣ ಹೇಳುವುದು ಕಟ್ಟಕಡೆಯ ವಾಕ್ಯದಲ್ಲಿ. ಮಾತನಾಡಿದವರು ಒಬ್ಬರೇ, ಆದ್ದರಿಂದ ಒಂದೇ ಹೆಸರು ಅನ್ನಬಹುದು. ಸಭೆಗೆ ಅದು ಸರಿ. ಅಚ್ಚಾಗಿ ದೇಶ ದೇಶದ ಗ್ರಂಥಾಲಯಕ್ಕೆ ಹೋಗುವ ಹೊತ್ತಿಗೆ ಆ ಹೆಸರು ಮೊದಲ ಪುಟಕ್ಕೆ ಬರಬೇಕಿತ್ತು. ಓದುಗ ಬದಲಾದಾಗ ಬರವಣಿಗೆಯಲ್ಲಿ ಉಳಿದದ್ದೆಲ್ಲ ಬದಲಾಗಿದೆ, ಇದೊಂದು ಬದಲಾಗಿಲ್ಲ.

ಕೆಲಸ ಮಾಡಿತಾ?

ಬರವಣಿಗೆ ಪರಿಣಾಮಕಾರಿಯೇ ಅಂತ ಕೇಳಿದರೆ ವಿದ್ಯಾರ್ಥಿಗಳು 'ಭಾಷೆ ಸರಳವಾಗಿದೆ', 'ನಿರೂಪಣೆ ಚೆನ್ನಾಗಿದೆ' ಅಂತ ಬರೆದುಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಓದುಗರು ಏನು ಮಾಡಿದರು ಅಂತ ಹುಡುಕಿ ತನ್ನಿ ಅನ್ನುತ್ತೇನೆ. ಈ ಪತ್ರದ ಅದೃಷ್ಟ, ಅದರ ಓದುಗರು ಬರೆದಿಟ್ಟು ಹೋಗಿದ್ದಾರೆ.

ಅಮೆರಿಕದ ಆರ್.ಡಬ್ಲ್ಯು. ವುಡ್ ತಾವೇ ಪ್ರಯೋಗ ಮಾಡಿ, ನಿಜ ಅಂತ ಅದೇ ವರ್ಷ 'ನೇಚರ್'ಗೆ ತಿಳಿಸಿದರು. ಬರ್ಲಿನ್ನಿನ ಪೀಟರ್ ಪ್ರಿಂಗ್ಸ್‌ಹೈಮ್ ಅದೇ ವರ್ಷ ಇದನ್ನು 'ರಾಮನ್ ಪರಿಣಾಮ' ಅಂತ ಕರೆದರು. ನಂಬಬೇಕು, ಮಾಡಿ ನೋಡಬೇಕು ಅನ್ನುವ ಉದ್ದೇಶ ತಿಂಗಳುಗಳಲ್ಲೇ ಈಡೇರಿತು.

ಮಾಸ್ಕೋದ ಓದುಗರ ಮಾತು ಬೇರೆ. ಲ್ಯಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಶ್ಟಾಮ್ ಅದೇ ಫೆಬ್ರವರಿಯಲ್ಲಿ ಕ್ವಾರ್ಟ್ಸ್ ಹರಳಿನಲ್ಲಿ ಇದೇ ಪರಿಣಾಮವನ್ನು ಸ್ವತಂತ್ರವಾಗಿ ಕಂಡಿದ್ದರು. ಮೇನಲ್ಲಿ ಬರೆದ ಅವರ ಟಿಪ್ಪಣಿ ಜುಲೈನಲ್ಲಿ ಜರ್ಮನ್ ಪತ್ರಿಕೆಯೊಂದರಲ್ಲಿ ಬಂತು. ಅದರಲ್ಲಿ ರಾಮನ್ ಬಗ್ಗೆ ಒಂದು ಮಾತಿದೆ. ನಾವು ಕಂಡದ್ದಕ್ಕೂ ರಾಮನ್ ವರ್ಣಿಸಿದ್ದಕ್ಕೂ ಎಷ್ಟು ಸಂಬಂಧ ಅಂತ ಈಗಲೇ ಹೇಳಲಾಗದು, ಏಕೆಂದರೆ ಅವರ ವಿವರಣೆ ತುಂಬ ಸಂಕ್ಷಿಪ್ತ ಅನ್ನುವುದು ಅದರ ತಾತ್ಪರ್ಯ. ಜಗತ್ತಿನಲ್ಲಿ ಆ ಪತ್ರವನ್ನು ಅತಿ ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲವರು ಯಾರಾದರೂ ಇದ್ದರೆ ಅದು ಇವರಿಬ್ಬರು. ಅವರಿಗೇ ವಿವರ ಸಾಲಲಿಲ್ಲ! ಸ್ಪೆಕ್ಟ್ರೋಸ್ಕೋಪ್ ಬಗ್ಗೆ ಆ ಒಂದೇ ವಾಕ್ಯ ಬರೆದು ಬಿಟ್ಟದ್ದರ ಬೆಲೆ ಇದು.

ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕು. ಮಾಸ್ಕೋದವರು ಅಳತೆಗಳನ್ನು ಕೂಡಿಸಿಕೊಂಡು ಬರೆಯುವ ಹೊತ್ತಿಗೆ ಕಲ್ಕತ್ತದ ಪತ್ರಗಳು ಆಗಲೇ ಅಚ್ಚಾಗಿದ್ದವು. ರಷ್ಯಾದಲ್ಲಿ ಇವತ್ತಿಗೂ ಇದನ್ನು 'ಸಂಯೋಜನಾ ಚದುರಿಕೆ' ಅನ್ನುವ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಉಳಿದ ಜಗತ್ತು ರಾಮನ್ ಹೆಸರು ಹೇಳುತ್ತದೆ. ವಿವರ ಬಿಟ್ಟು ವೇಗ ತೆಗೆದುಕೊಂಡದ್ದು ರಾಮನ್ ಅವರ ಆಯ್ಕೆ. ಬಿಟ್ಟ ವಿವರವನ್ನು ಬೆಂಗಳೂರಿನ ಭಾಷಣದಲ್ಲಿ, ಎರಡನೇ ಪತ್ರದಲ್ಲಿ ತುಂಬಿದರು. ಆ ಎರಡನೇ ಪತ್ರದಲ್ಲಿ ಬಿಸಿಲಿನ ಜಾಗಕ್ಕೆ ಪಾದರಸದ ದೀಪ ಬಂತು. ದೀಪದ ಬೆಳಕಿನಲ್ಲಿ ಇಲ್ಲದ ಸ್ಪಷ್ಟ ಗೆರೆಗಳು ಚದುರಿದ ಬೆಳಕಿನಲ್ಲಿ ಕಾಣುತ್ತವೆ ಅಂತ ಹೇಳಿದರು. ಅದು ಅಚ್ಚಾದದ್ದು ಏಪ್ರಿಲ್ 21ರಂದು.

ಕೊನೆಯ ಕ್ಲಾಸಿನಲ್ಲಿ ಪತ್ರವನ್ನು ತಿದ್ದಿ ಬರೆಯಲು ಕೊಡುತ್ತೇನೆ. ಕಿಟಕಿಗೆ ಜಿಲೇಟಿನ್ ಪೇಪರ್ ಹಿಡಿದ ಹುಡುಗಿ 80 ಪದದ ವಾಕ್ಯವನ್ನು ನಾಲ್ಕು ಮಾಡಿದಳು. ಮೊದಲು ಫಿಲ್ಟರ್ ಪ್ಯಾರಾವನ್ನೇ ಶುರುವಿಗೆ ಇಟ್ಟಿದ್ದಳು. "ಇದನ್ನು ಓದುತ್ತಾ ಯಾರು ಪುಟ ತಿರುಗಿಸಿಬಿಡುತ್ತಾರೆ?" ಅಂತ ಕೇಳಿದೆ. ಯೋಚಿಸಿ, "ಸಂಪಾದಕರು" ಅಂದಳು. ಕಾಂಪ್ಟನ್ ಮತ್ತೆ ಮೊದಲ ಸಾಲಿಗೆ ಬಂದರು, ಹತ್ತು ಪದಗಳಲ್ಲಿ. ಧ್ರುವೀಕರಣದ ಉತ್ತರ ಮೇಲಕ್ಕೆ ಬಂತು. 'ಪೂರ್ತಿಯಾಗಿ' ಅನ್ನುವುದನ್ನು ಅವಳು ಮುಟ್ಟಲಿಲ್ಲ. ಸ್ಪೆಕ್ಟ್ರೋಸ್ಕೋಪ್ ವಾಕ್ಯದ ಹತ್ತಿರ ಬಂದಾಗ ಪೆನ್ಸಿಲ್ ನಿಂತಿತು. ವಾಕ್ಯವನ್ನು ಹಾಗೇ ಬಿಟ್ಟು, ಅದರ ಮುಂದೆ 'ತರಂಗದೂರ ಬದಲಾದದ್ದು ಎಷ್ಟು' ಅಂತ ಬರೆದು ಒಂದು ಖಾಲಿ ಗೆರೆ ಎಳೆದಳು. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, 'ಫೆ. 28ರ ತನಕ ಕಾಯಬೇಕು' ಅಂತ ಬರೆದುಕೊಂಡಳು.